ಹನ್ನೆರಡನೆಯ ಹೆಸರು

ಮರೆವ್ವನ ಹೆಸರು ಆ ಫಲಕದ ಮೇಲೆ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ತಾಯಿ ಶೆಟ್ಟೆವ್ವನ ಸಂಗಡ ಸಮುದ್ರದ ನಡುವಿನ ಆ ಊರಿಗೆ ಹೊರಟೆ. ಶೆಟ್ಟೆವ್ವನಿಗೆ ಅಕ್ಷರ ಬರುವುದಿಲ್ಲ. ಓದಿ ಹೇಳಬೇಕಾದವಳು ನಾನೇ.

ಸುದ್ದಿ ತಂದವನು ಅಯೂಬ. ಇಂಡಿಯಿಂದ ಲಿಂಬೆಹಣ್ಣು ಹೇರಿಕೊಂಡು ಕರಾವಳಿಗೆ ಲಾರಿ ಹೊಡೆಯುವವನು. ನಮ್ಮೂರವನೇ. ಬಾಗೇವಾಡಿ ತಾಲ್ಲೂಕಿನ ಹೊಳೆದಂಡೆಯ ನಮ್ಮೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ನಾವೆಲ್ಲ ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಬಂದು ಆಗ ಎರಡು ವರ್ಷವಾಗಿತ್ತು. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ನನ್ನ ಮನೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತ. ನಾನೂ ಶೆಟ್ಟೆವ್ವನೂ ತೊಗರಿ ಹಸನು ಮಾಡುತ್ತಿದ್ದೆವು.

"ಆಯಿ, ರಾಚಪ್ಪ ಮುತ್ಯಾನ ದೋಣಿ ನೋಡಿ ಬಂದ್ನಿ," ಎಂದ. "ಬಂದರದ ಆಚೀಕ ಒಂದು ನಡುಗಡ್ಡಿ ಊರು ಐತಿ. ಅಲ್ಲಿ ಹಡಗದ ಮ್ಯೂಜಿಯಂದಾಗ ಇಟ್ಟಾರ. ಎಣ್ಣಿ ಹಚ್ಚಿ ಮದುಮಗಳಂಗ ಮಾಡ್ಯಾರ."

"ನಾವು ಆಡು ಕಟ್ಟತಿದ್ದ ದೋಣಿನ?"

"ಅದ. ಮಗ್ಗಲಿಗೆ ಒಂದು ಬೋರ್ಡ್ ಐತಿ. ಮುಳುಗಿ ಸತ್ತವರ ಹೆಸರ ಬರದಾರಂತ, ಅಲ್ಲಿ ತೋರಸೂ ಮುದುಕ ಹೇಳಿದ. ನಂದು ಉರ್ದು ಸಾಲಿ, ಓದಾಕ ಬರಲಿಲ್ಲ. ನಮ್ಮ ಮಶಾಕಸಾಬ ಕಾಕಾನೂ ಅದರಾಗ ಇರಬೇಕು."

ಶೆಟ್ಟೆವ್ವನ ಕೈ ಮೊರದಲ್ಲಿ ನಿಂತಿತು. "ಎಷ್ಟ ಹೆಸರ ಅದಾವ?" ಎಂದಳು.

"ಎಣಿಸಲಿಲ್ಲ ಆಯಿ."

"ಎಣಿಸಬೇಕಿತ್ತು," ಎಂದು ಶೆಟ್ಟೆವ್ವ ಹರಳು ಆರಿಸಿ ಎಸೆದಳು. ನನ್ನ ಕಡೆ ತಿರುಗಿ, "ಶಂಕ್ರಿ, ನೀ ಬರ್ತೀ? ನಿನಗ ಓದಾಕ ಬರ್ತೈತಿ," ಎಂದಳು.

ರಾಚಪ್ಪ ನನ್ನ ಗಂಡ. ಅಂಬಿಗ. ಹೊಳೆ ದಾಟಿಸುವ ಕಡವನ್ನು ವರ್ಷವರ್ಷ ಲಿಲಾವಿನಲ್ಲಿ ಹಿಡಿಯುತ್ತಿದ್ದ. ದೋಣಿಗೆ ಅಂಬಿಗನೂ ಸೇರಿ ಹದಿನೆಂಟು ಮಂದಿ, ಹೆಚ್ಚು ಹಾಕಿದರೆ ಸೆರೆಮನೆ ಎಂದು ಕರಾರಿನಲ್ಲಿ ಬರೆದಿತ್ತು. ಆದರೆ ನಮ್ಮವರು ದೋಣಿಯಲ್ಲಿ ಕೂತವರ ತಲೆ ಎಣಿಸುವುದಿಲ್ಲ. ಎಣಿಸಿದರೆ ಹೊಳೆಯವ್ವನ ಕಿವಿಗೆ ಬೀಳುತ್ತದೆ, ತನ್ನ ಪಾಲು ಕೇಳುತ್ತಾಳೆ ಎನ್ನುತ್ತಾರೆ. ಅದಕ್ಕೆ ದೋಣಿಯ ಹೊರಮೈಗೆ ತಾಮ್ರದ ಮೊಳೆಗಳ ಮೂರು ಸಾಲು ಹೊಡೆದಿದ್ದರು. ಕೆಳಗಿನ ಸಾಲು ಮುಳುಗಿ ನೀರು ನಡುವಿನ ಸಾಲನ್ನು ಮುಟ್ಟಿದರೆ ದೋಣಿ ತುಂಬಿತೆಂದು ಅರ್ಥ. ದೋಣಿಯ ಒಳಗಿದ್ದವನಿಗೆ ಮೊಳೆ ಕಾಣುವುದಿಲ್ಲ. ಮನೆಯ ಹೆಂಗಸು ದಂಡೆಯ ಮೇಲೆ ನಿಂತು ನೋಡಿ, ಸಾಕು ಎಂದು ಕೈ ಎತ್ತಬೇಕು. ಆ ಹೆಂಗಸು ನಾನು.

ಎಪ್ಪತ್ತೇಳನೆಯ ಇಸವಿ ಶ್ರಾವಣದಲ್ಲಿ ದೋಣಿ ನಡುಹೊಳೆಯಲ್ಲಿ ಮಗುಚಿತು. ಅವತ್ತು ಜಿಟಿಜಿಟಿ ಮಳೆ. ಎಲ್ಲರೂ ಕಂಬಳಿಯ ಕೊಪ್ಪೆ ಹಾಕಿಕೊಂಡು ಮುದುಡಿ ಕುಳಿತಿದ್ದರು, ಮಗ್ಗುಲಲ್ಲಿದ್ದವರು ಯಾರೆಂದು ಯಾರೂ ನೋಡಿರಲಿಲ್ಲ. ರಾಚಪ್ಪನೂ ಸೇರಿ ಏಳು ಮಂದಿ ಈಜಿ ಬದುಕಿದರು. ಹನ್ನೊಂದು ಹೆಣ ಸಿಕ್ಕವು. ಏಳು, ಹನ್ನೊಂದು, ಕೂಡಿದರೆ ಕರಾರಿನ ಹದಿನೆಂಟಕ್ಕೆ ಸರಿ. ವಿಚಾರಣೆಗೆ ಬಂದ ಸಾಹೇಬರು ಗಾಳಿಯ ತಪ್ಪು ಎಂದು ಬರೆದುಕೊಂಡು ಹೋದರು.

ಹತ್ತೊಂಬತ್ತನೆಯವಳು ಮರೆವ್ವ. ಹದಿನೆಂಟು ವರ್ಷದ ಹುಡುಗಿ. ಕೊನೆಗೆ ಹತ್ತಿದಳು. ಹತ್ತುವ ಮೊದಲು ನನ್ನೊಂದಿಗೆ ಮಾತಾಡಿದಳು. ಅವಳು ಕಾಲಿಟ್ಟಾಗ ನಡುವಿನ ಸಾಲು ಮುಳುಗಿದ್ದನ್ನು ನಾನು ಕಂಡೆ. ಒಂದು ಹುಡುಗಿ, ಏನು ಮಹಾ ಭಾರ ಅಂದುಕೊಂಡೆ. ಕೈ ಎತ್ತಲಿಲ್ಲ.

ರಾಚಪ್ಪನಿಗೆ ಆ ಸಂಜೆಯೇ ಹೇಳಿದೆ. ಅವನು ಬಹಳ ಹೊತ್ತು ಗೋಡೆ ನೋಡಿ, "ಹದಿನೆಂಟಂದ್ರ ಗಾಳಿ ತಪ್ಪು. ಹತ್ತೊಂಬತ್ತಂದ್ರ ನನ್ನ ತಪ್ಪು, ನಿನ್ನ ತಪ್ಪು. ಹೆಣ ಸಿಗಲಿ, ಹೇಳೂಣು," ಎಂದ. ಹೆಣ ಸಿಗಲಿಲ್ಲ. ಆ ವಾರವೇ ಸಾಲೆಯ ಗೋಡೆ ಕಟ್ಟುತ್ತಿದ್ದ ಗೌಂಡಿಯೊಬ್ಬ ಹೇಳದೆ ಕೇಳದೆ ಊರು ಬಿಟ್ಟಿದ್ದ. ಊರು ಎರಡನ್ನೂ ಜೋಡಿಸಿತು. ಮರೆವ್ವ ಗೌಂಡಿಯ ಹಿಂದೆ ಓಡಿಹೋದಳು ಎಂದಿತು. ಶೆಟ್ಟೆವ್ವನ ಗಂಡ ಮಗಳ ಹೆಸರು ಮನೆಯಲ್ಲಿ ಯಾರೂ ಎತ್ತಬಾರದೆಂದ. ಎತ್ತಿದಾಗಲೆಲ್ಲ ಶೆಟ್ಟೆವ್ವನಿಗೆ ಹೊಡೆದ, ತಾನು ಸಾಯುವ ತನಕ ಹೊಡೆದ. ಓಡಿಹೋದವಳ ತಂಗಿಯೆಂದು ಸಣ್ಣ ಮಗಳಿಗೆ ನೆಟ್ಟಗಿನ ಸಂಬಂಧ ಬರಲಿಲ್ಲ. ಸಿಂದಗಿ ಕಡೆಯ ಮುದುಕನೊಬ್ಬನಿಗೆ ಎರಡನೆಯವಳಾಗಿ ಕೊಟ್ಟರು. ಶೆಟ್ಟೆವ್ವ ಮಾತ್ರ ಒಂದೇ ಮಾತು ಹಿಡಿದಿದ್ದಳು, ನನ್ನ ಮಗಳು ಓಡಿಹೋದಾಕಿ ಅಲ್ಲ, ಹೊಳಿ ಪಾಲಾದಾಕಿ ಎಂದು. ನೋಡಿದವರು ಯಾರೆಂದು ಮಂದಿ ಕೇಳುತ್ತಿದ್ದರು. ಆಗ ನಾನು ಅಲ್ಲೇ ಇರುತ್ತಿದ್ದೆ.

ಮಂದಿಯನ್ನು ನುಂಗಿದ ದೋಣಿಯನ್ನು ಯಾರೂ ಹತ್ತಲಿಲ್ಲ, ಸುಡಲೂ ಇಲ್ಲ. ನಮ್ಮ ಮನೆಯ ಹಿಂದೆ ಮಗುಚಿ ಹಾಕಿ ಅದರಡಿ ಆಡು ಕಟ್ಟಿದೆವು. ರಾಚಪ್ಪ ತೀರಿಕೊಂಡು ಎರಡು ವರ್ಷದ ಮೇಲೆ, ಊರು ಖಾಲಿ ಮಾಡುವ ಗಡಿಬಿಡಿಯಲ್ಲಿ, ಹಳೆಯ ದೋಣಿ ಹುಡುಕಿಕೊಂಡು ಮ್ಯೂಸಿಯಮ್ಮಿನವರು ಬಂದರು. ಕೊಟ್ಟುಬಿಟ್ಟೆ. ದೋಣಿಯ ಕತೆ ಹೇಳಿರಿ ಎಂದರು. ಹೇಳಿದೆ. ಸತ್ತವರ ಹೆಸರು ಹೇಳಿರಿ ಎಂದರು. ಹನ್ನೊಂದು ಹೆಸರು ಹೇಳಿ ಬಾಯಿ ಮುಚ್ಚಿದೆ. ಮಗ ಸಂಜೀವಕುಮಾರ ಮಗ್ಗುಲಲ್ಲಿ ನಿಂತಿದ್ದ. ಅಪ್ಪನ ಹೆಸರು ಕೆಡಿಸಲು ಮನಸ್ಸು ಬರಲಿಲ್ಲ ಎಂದು ಆಗ ಅಂದುಕೊಂಡೆ. ಈಗ ಅನ್ನಿಸುತ್ತದೆ, ನನ್ನ ಹೆಸರನ್ನೇ ಉಳಿಸಿಕೊಂಡೆ. ರಾತ್ರಿಸಾಲೆಯಲ್ಲಿ ಕಲಿತ ಸಹಿಯನ್ನು ಆ ಕಾಗದದ ಕೆಳಗೆ ಹಾಕಿಕೊಟ್ಟೆ.

ಹೀಗಾಗಿ ಶೆಟ್ಟೆವ್ವ ಕರೆದಾಗ ಒಂದು ಉಪಾಯ ಹೊಳೆಯಿತು. ಹೆಸರು ಇಲ್ಲದಿದ್ದರೇನು, ನಾನು ಓದಿಬಿಡುತ್ತೇನೆ. ಅವಳು ಕೇಳಿ ಸಮಾಧಾನವಾಗಿ ತಿರುಗಿ ಬರುತ್ತಾಳೆ. ಅವಳಿಗೂ ಎಪ್ಪತ್ತು, ನನಗೂ ಎಪ್ಪತ್ತು. ಇನ್ನೆಷ್ಟು ದಿನ.

ಹೆದ್ದಾರಿಯ ಕ್ರಾಸಿನಲ್ಲಿ ಅಯೂಬನ ಲಾರಿ ಹತ್ತಿದೆವು. ಹಿಂದೆ ಲಿಂಬೆಹಣ್ಣಿನ ಚೀಲ, ಮುಂದೆ ನಾವಿಬ್ಬರು, ರೊಟ್ಟಿಯ ಗಂಟು. ಶೆಟ್ಟೆವ್ವ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಅಷ್ಟು ಮಾತಾಡಿದ್ದನ್ನು ನಾನು ಇಪ್ಪತ್ತೈದು ವರ್ಷದಲ್ಲಿ ಕೇಳಿರಲಿಲ್ಲ.

"ಬರದಿಟ್ಟಾರಂದ ಮ್ಯಾಲ ಯಾರೂ ಅಳಸಾಕ ಬರೂದಿಲ್ಲ, ಹೌದಿಲ್ಲೋ ಅಯೂಬ?"

"ಸರಕಾರಿ ಬೋರ್ಡ್ ಆಯಿ. ಮಳಿಗೂ ಅಳಸೂದಿಲ್ಲ, ಒಳಗೈತಿ."

"ನೋಡಿದೇನ ಶಂಕ್ರಿ. ಸಣ್ಣಾಕಿನ ಕರಕೊಂಡ ಬಂದು ತೋರಸ್ತೇನಿ. ಆಕಿ ಗಂಡಗೂ ತೋರಸ್ತೇನಿ, ಆ ಮುದುಕನ ಕೆಮ್ಮ ನಿಂತ್ರ."

ಅಯೂಬ ನಕ್ಕ. ನಾನೂ ನಕ್ಕಂತೆ ಮಾಡಿದೆ.

ಮರುದಿನ ಬಂದರಿನಲ್ಲಿ ಚೀಲ ಇಳಿಸಿ ಲಾಂಚು ಹತ್ತಿದೆವು. ಸಮುದ್ರ ಕಂಡು ಶೆಟ್ಟೆವ್ವ ಸೆರಗು ಬಿಗಿ ಹಿಡಿದು, "ಇದರ ಆ ದಂಡಿ ಯಾವೂರು?" ಎಂದಳು.

"ದುಬೈ ಇರಬೇಕು ಆಯಿ."

"ಅಲ್ಲಿಗೆ ಲಿಂಬಿಹಣ್ಣ ಒಯ್ದೀಯೇನ?"

"ಲಾರಿ ತೇಲೂದಿಲ್ಲಲ್ಲ."

ಆ ಊರು ಸಣ್ಣದು. ಒಂದು ದೀಪದ ಕಂಬ, ಒಂದು ಹಳೆಯ ಸುಂಕದ ಕಟ್ಟೆ, ಮೀನು ಒಣಗಿಸಿದ ಬಯಲು, ತುಕ್ಕು ಹಿಡಿದ ಲಂಗರುಗಳು. ಉಪ್ಪು ತುಂಬುತ್ತಿದ್ದ ದೊಡ್ಡ ಮಳಿಗೆಯೇ ಮ್ಯೂಸಿಯಂ. ತೋರಿಸುವ ಮುದುಕ ಮೊದಲು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು. ಬಯಲುಸೀಮೆಯ ಇಬ್ಬರು ಮುದುಕಿಯರು ಬಂದದ್ದಕ್ಕೆ ಅವನಿಗೆ ಹಿಗ್ಗು. ಹಾಯಿಯ ಬಟ್ಟೆ, ನೀರಿನ ತಳಕ್ಕೆ ಇಳಿಯುವವರ ತಾಮ್ರದ ಟೊಪ್ಪಿಗೆ, ದಿಕ್ಕು ತೋರಿಸುವ ಪೆಟ್ಟಿಗೆ, ಎಲ್ಲವನ್ನೂ ಮುಟ್ಟಿ ಮುಟ್ಟಿ ಹೇಳಿದ. ಶೆಟ್ಟೆವ್ವ ಹೂಂಗುಟ್ಟುತ್ತ ಹೋದಳು. ಅವಳ ಕಣ್ಣುಗಳು ದೋಣಿಯನ್ನು ಹುಡುಕುತ್ತಿದ್ದವು. ಒಂದು ಕಡೆ ಮಾತ್ರ ನಿಂತಳು. ಗಾಜಿನ ಪೆಟ್ಟಿಗೆಯಲ್ಲಿ ಒಂದು ದಪ್ಪ ಪುಸ್ತಕ ತೆರೆದಿಟ್ಟಿದ್ದರು.

"ಇದೇನ್ರಿ?"

"ಹಡಗು ಹೊರಡುವ ಮೊದಲು ಅದರಲ್ಲಿ ಹೋಗುವವರ ಹೆಸರು ಬರೆಯುವ ಪುಸ್ತಕ, ಅಮ್ಮ. ಬರೆದು ದಂಡೆಯಲ್ಲೇ ಇಟ್ಟು ಹೋಗಬೇಕು. ಇದರಲ್ಲಿ ನಲವತ್ತು ಜನರಿದ್ದಾರೆ. ಯಾರೂ ತಿರುಗಿ ಬರಲಿಲ್ಲ. ಅಡುಗೆಯವನ ಹೆಸರೂ ಇದೆ, ನೋಡಿ, ಇಲ್ಲಿ."

"ಹೋಗೂಕಿಂತ ಮೊದಲ ಬರೀತಿದ್ರ?"

"ಬರೆಯದೆ ಬಿಡುತ್ತಿರಲಿಲ್ಲ."

ಶೆಟ್ಟೆವ್ವ ಆ ಗಾಜಿನ ಮೇಲೆ ಅಂಗೈ ಇಟ್ಟು ನಿಂತಳು. ಮುದುಕ ಕರೆದ ಮೇಲೂ ತುಸು ಹೊತ್ತು ಅಲ್ಲೇ ಇದ್ದಳು.

ದೋಣಿ ಕೊನೆಯ ಕೋಣೆಯಲ್ಲಿತ್ತು. ಆಡಿನ ವಾಸನೆ ಹೋಗಿ ಬೇವಿನೆಣ್ಣೆಯ ವಾಸನೆ ಬರುತ್ತಿತ್ತು. ಇಪ್ಪತ್ತಮೂರು ವರ್ಷ ಮಗುಚಿ ಬಿದ್ದದ್ದನ್ನು ನೆಟ್ಟಗೆ ನಿಲ್ಲಿಸಿದ್ದರು. ನನಗೆ ಮೊಳೆಗಳೇ ಮೊದಲು ಕಂಡವು. ತಿಕ್ಕಿ ತೊಳೆದು ಮೂರೂ ಸಾಲು ಹೊಳೆಯುವ ಹಾಗೆ ಮಾಡಿದ್ದರು.

"ಇದು ಶೃಂಗಾರಕ್ಕೆ ಹೊಡೆದದ್ದು. ಹೊಳೆಯ ಜನರಿಗೂ ಚೆಂದದ ಆಸೆ," ಎಂದ ಮುದುಕ.

ಫಲಕ ಎದೆಯೆತ್ತರಕ್ಕಿತ್ತು. ಮೂರು ಲಿಪಿಗಳು, ಕೆಳಗಡೆ ಕನ್ನಡ. ಶೆಟ್ಟೆವ್ವ ನನ್ನ ಮೊಣಕೈ ಹಿಡಿದಳು. "ಓದು."

ಓದಿದೆ. ಕೃಷ್ಣೆಯ ಕಡವು, ಅಂಬಿಗ ರಾಚಪ್ಪ, ಹದಿನೆಂಟು ಜನ. ಆಮೇಲೆ ಹೆಸರುಗಳು, ಒಂದೊಂದರ ಮುಂದೆ ವಯಸ್ಸು. ಅಮೋಘಸಿದ್ಧ, ನಲವತ್ತು. ಮಶಾಕಸಾಬ, ಮೂವತ್ತೆರಡು. ಅಯೂಬ ಟೊಪ್ಪಿಗೆ ಸರಿಮಾಡಿಕೊಂಡು ತುಟಿಯಲ್ಲೇ ಏನೋ ಅಂದುಕೊಂಡ. ಹತ್ತು ಮುಗಿಯಿತು, ಹನ್ನೊಂದು ಮುಗಿಯಿತು. ಅದರ ಕೆಳಗೆ ಬರಿಯ ಬಿಳಿ ಜಾಗ. ಅದನ್ನೇ ನೋಡುತ್ತ, "ಮರೆವ್ವ, ಹದಿನೆಂಟು," ಎಂದು ಓದಿದೆ.

ಶೆಟ್ಟೆವ್ವ ಅಳಲಿಲ್ಲ. ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟಳು. "ಎಲ್ಲಿ? ಬಟ್ಟ ಇಡಸು," ಎಂದಳು. ಅವಳ ಬೆರಳು ಹಿಡಿದು ಹನ್ನೊಂದನೆಯ ಹೆಸರಿನ ಮೇಲೆ ಇಟ್ಟೆ. ಅವಳು ಆ ಅಕ್ಷರಗಳನ್ನು ಒಂದೊಂದಾಗಿ ಸವರಿದಳು, ಕೂಸಿನ ಹುಬ್ಬು ಸವರುವ ಹಾಗೆ. ಆಮೇಲೆ ಮುದುಕನನ್ನು ಕರೆದಳು. ಇನ್ನೊಬ್ಬರ ಬಾಯಿಂದಲೂ ಕೇಳಬೇಕೆಂಬ ಆಸೆ ಅವಳಿಗೆ.

"ಯಪ್ಪಾ, ಎಷ್ಟ ಹೆಸರ ಅದಾವ ಇದರಾಗ?"

"ಹನ್ನೊಂದು, ಅಮ್ಮ. ಬಂದವರಿಗೆಲ್ಲ ದಿನಾ ಹೇಳುತ್ತೇನಲ್ಲ."

ಶೆಟ್ಟೆವ್ವ ತನ್ನ ಎಡಗೈ ಎತ್ತಿ ನೋಡಿಕೊಂಡಳು. ಹೆಬ್ಬೆರಳು ಕಿರುಬೆರಳಿನ ಕೊನೆಯ ಗೆಣ್ಣಿನ ಮೇಲಿತ್ತು. ನಾನು ಓದುವಾಗ ಅವಳು ಗೆಣ್ಣು ಎಣಿಸುತ್ತಿದ್ದದ್ದನ್ನು ನಾನು ನೋಡಿರಲಿಲ್ಲ.

"ನೀ ಹನ್ನೆರಡ ಓದಿದಿ," ಎಂದಳು.

ನಾನು ಆ ಬಿಳಿ ಜಾಗವನ್ನೇ ನೋಡಿದೆ.

"ಆಕಿ ಹೆಸರ ಇಲ್ಲ?"

"ಇಲ್ಲ."

"ಮತ್ಯಾಕ ಓದಿದಿ?"

ನಿನ್ನ ಸಮಾಧಾನಕ್ಕೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಶಂಕ್ರವ್ವ ತಾಳ್ಮೆಯವಳು, ಕನಿಕರದವಳು ಎಂದು ಊರೇ ಹೇಳುತ್ತಿತ್ತು. ಆದರೆ ಅವಳ ಬೆರಳು ಇನ್ನೂ ಬೇರೆಯವರ ಮಗನ ಹೆಸರಿನ ಮೇಲೆ ಇತ್ತು.

"ಇರಬೇಕಾಗಿತ್ತು, ಅದಕ್ಕ," ಎಂದೆ. "ಮರೆವ್ವ ಈ ದೋಣಿಯಾಗ ಇದ್ಲು. ನಾ ನೋಡೇನಿ."

ಮುದುಕ ಹಿಂದೆ ಸರಿದು ನಿಂತ. ಅಯೂಬ ನನ್ನ ಮುಖ ನೋಡಿದ. ನಾನು ಮೊಳೆಗಳ ಹತ್ತಿರ ಹೋಗಿ ನಡುವಿನ ಸಾಲು ತೋರಿಸಿ ಎಲ್ಲ ಹೇಳಿದೆ. ಕೈ ಎತ್ತದೆ ನಿಂತದ್ದು, ರಾಚಪ್ಪ ಗೋಡೆ ನೋಡುತ್ತ ಅಂದದ್ದು, ಮ್ಯೂಸಿಯಮ್ಮಿನವರಿಗೆ ಹೆಸರು ಹೇಳುವಾಗ ಬಾಯಿ ಮುಚ್ಚಿದ್ದು.

"ಎಲ್ಲಿಗೆ ಹೊಂಟಿದ್ಲು?" ಎಂದಳು ಶೆಟ್ಟೆವ್ವ.

"ಆ ದಂಡಿಗೆ, ನಿನ್ನ ತಂಗಿ ಮನಿಗೆ. ನೀವಿಬ್ರೂ ಮುಂಜಾನೆ ಜಗಳಾಡಿದ್ರಂತ."

"ಆಡಿದ್ವಿ. ನಿನಗೇನಂದ್ಲು?"

"ಅತ್ತಿ, ಸಂಜಿಮುಂದ ಬರ್ತೇನಿ, ಅವ್ವಗ ಹೇಳ್ರಿ ಅಂದ್ಲು. ಹಾಲಿಗೆ ಹೆಪ್ಪ ಹಾಕಿಲ್ಲ, ಹಾಕಂತ ಹೇಳ್ರಿ ಅಂದ್ಲು."

ಶೆಟ್ಟೆವ್ವ ದೋಣಿಯ ಅಂಚನ್ನು ಹಿಡಿದು ಮೆಲ್ಲಗೆ ನೆಲಕ್ಕೆ ಕುಳಿತಳು. "ಅವತ್ತ ಹಾಲ ಕೆಟ್ಟಿತ್ತು," ಎಂದಳು. "ಹೆಪ್ಪನೂ ಹಾಕದ ಹ್ವಾದ್ಲು ಹಾದರಗಿತ್ತಿ ಅಂತ ಆ ಹಾಲ ಅಂಗಳಕ್ಕ ಚೆಲ್ಲಿದ್ನಿ. ಅಂದಾಕಿ ನಾನ. ಊರಿನ್ನ ಏನೂ ಅಂದಿದ್ದಿಲ್ಲ. ಮೊದಲ ಅಂದಾಕಿ ನಾನ."

ನಾನು ಎಬ್ಬಿಸಲು ಕೈ ಕೊಟ್ಟೆ. ಹಿಡಿಯಲಿಲ್ಲ. ಅಯೂಬನ ಕೈ ಹಿಡಿದು ಎದ್ದಳು.

"ಬರಸು," ಎಂದಳು ನನಗೆ. "ಯಾರಿಗೆ ಹೇಳಿ ಬಿಡಿಸಿದ್ಯೋ ಅವರಿಗೇ ಹೇಳಿ ಬರಸು."

ಕಚೇರಿಯಲ್ಲಿ ಕನ್ನಡಕದ ಹೆಣ್ಣುಮಗಳೊಬ್ಬಳಿದ್ದಳು. ಕುರ್ಚಿ ಹಾಕಿಸಿದಳು, ನೀರು ತರಿಸಿದಳು, ಪೂರ್ತಿ ಕೇಳಿದಳು. ಆಮೇಲೆ ಕಪಾಟಿನಿಂದ ಒಂದು ಕಡತ ತೆಗೆದು ನನ್ನ ಮುಂದೆ ಇಟ್ಟಳು.

"ಈ ಸಹಿ ನಿಮ್ಮದೇ ಅಲ್ವಾ, ಅಮ್ಮ?"

ನನ್ನದೇ. ಶ ದೊಡ್ಡದು, ವ್ವ ಸಾಲು ಬಿಟ್ಟು ಕೆಳಗೆ ಇಳಿದಿತ್ತು.

"ನಾವು ಬರೆದದ್ದು ನಿಮ್ಮ ಹೇಳಿಕೆ, ಅವತ್ತಿನ ವಿಚಾರಣೆಯ ಕಾಗದ, ಎರಡನ್ನೂ ನೋಡಿ. ಎರಡರಲ್ಲೂ ಹನ್ನೊಂದೇ ಇದೆ. ಈಗ ಬಾಯಿಮಾತಿನ ಮೇಲೆ ಬದಲಾಯಿಸೋಕೆ ಬರಲ್ಲ. ಅರ್ಜಿ ಬರೆದುಕೊಡಿ. ಬದುಕಿದವರಲ್ಲಿ ಇನ್ನೊಬ್ಬರು ಹೀಗೇ ಹೇಳಿದರೆ ಒಳ್ಳೆಯದು."

ಬದುಕಿದ ಏಳು ಮಂದಿಯಲ್ಲಿ ಆಗ ಒಬ್ಬರೂ ಉಳಿದಿರಲಿಲ್ಲ. ಅರ್ಜಿ ಬರೆದೆ. ಒಂದು ಪುಟಕ್ಕೆ ಒಂದು ತಾಸು ಹಿಡಿಯಿತು. ಶೆಟ್ಟೆವ್ವ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಬರೆದದ್ದನ್ನು ಓದಿ ತೋರಿಸಲೇ ಎಂದೆ.

"ಬ್ಯಾಡ. ನೀ ಓದಿದ್ದ ಇನ್ನ ನಾ ಹೆಂಗ ನಂಬಲಿ?" ಎಂದಳು. ಆ ಕನ್ನಡಕದವಳಿಂದ ಓದಿಸಿಕೊಂಡು ಕೇಳಿದಳು.

ಬರುವಾಗ ಲಾಂಚಿನಲ್ಲಿ ಅವಳು ಆ ತುದಿಯಲ್ಲಿ ಕುಳಿತಳು, ನಾನು ಈ ತುದಿಯಲ್ಲಿ. ಲಾರಿಯಲ್ಲಿ ಬೇರೆ ಜಾಗವಿರಲಿಲ್ಲ. ಭುಜಕ್ಕೆ ಭುಜ ತಾಗುತ್ತಿತ್ತು. ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿದ್ದಳು. ಅಯೂಬ ಒಂದೆರಡು ಸಲ ಚಹಾಕ್ಕೆ ನಿಲ್ಲಿಸಿದ. ಕ್ರಾಸಿನಲ್ಲಿ ಇಳಿಯುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು: "ಶನಿವಾರ ಹಣಮಂದೇವರ ಗುಡಿ ಕಟ್ಟಿಗೆ ಮಂದಿ ಕೂಡ್ತಾರ. ನಿನ್ನ ಬಾಯಿಲೆ ಹೇಳಬೇಕು."

ಹೇಳಿದೆ. ಕಟ್ಟೆಯ ಮೇಲೆ ಹಿರಿಯರು, ಕೆಳಗೆ ಹೆಂಗಸರು. ಎದ್ದು ನಿಂತು ಮೊದಲಿನಿಂದ ಕೊನೆಯ ತನಕ ಹೇಳಿದೆ. ಮುಗಿಸಿದಾಗ ಯಾರೋ ಕೆಮ್ಮಿದರು. ಸಂಜೀವಕುಮಾರ ಗುಂಪಿನಿಂದ ಮುಂದೆ ಬಂದ.

"ನಮ್ಮವ್ವಗ ಅರಳುಮರಳು ಆಗೇತ್ರಿ," ಎಂದ. "ಸಮುದ್ರ ನೋಡಿ ಬಂದಾಗಿಂದ ಹಿಂಗ ಮಾಡಾಕತ್ತಾಳ."

"ಶೆಟ್ಟೆವ್ವ ಹೇಳಿಕೊಟ್ಟಾಳ," ಎಂದಳು ಹೆಂಗಸರಲ್ಲಿ ಒಬ್ಬಳು. "ಇಬ್ರೂ ಕೂಡಿ ಹೋಗಿ ಬಂದಾರಲ್ಲ."

ಹಿರಿಯರೊಬ್ಬರು ಮೆತ್ತಗೆ, "ಇಪ್ಪತ್ತೈದ ವರ್ಷದ ಮಾತ ಯಾಕವ್ವ? ರಾಚಪ್ಪ ಇದ್ದಾಗ ಹೇಳಿದ್ರ ಕೇಳಬಹುದಿತ್ತು," ಎಂದು ಬೇರೆ ಮಾತು ತೆಗೆದರು. ಕೆರೆಯ ಪೈಪಿನ ಮಾತು. ಅಯೂಬ ಎದ್ದು, ನಾ ಅಲ್ಲೇ ಇದ್ದೆ, ಆಯಿ ಅಲ್ಲೂ ಹಿಂಗ ಹೇಳ್ಯಾಳ ಎಂದ. ಅವನ ಮಾತನ್ನೂ ಯಾರೂ ಹಿಡಿಯಲಿಲ್ಲ. ಗೌಂಡಿಯ ಕತೆ ಊರಿಗೆ ರೂಢಿಯಾಗಿತ್ತು.

ಶೆಟ್ಟೆವ್ವ ಮರುದಿನ ಹಿನ್ನೀರಿನ ದಂಡೆಗೆ ಒಬ್ಬಳೇ ಹೋಗಿ ಮಗಳ ದಿನ ಮಾಡಿದಳು. ಹೋಳಿಗೆ ಮಾಡಿದ್ದಳಂತೆ, ಹಸಿರು ಕುಬಸ ನೀರಿಗೆ ಬಿಟ್ಟಳು. ಸಿಂದಗಿಯಿಂದ ಸಣ್ಣ ಮಗಳು ಬರಲಿಲ್ಲ, ಗಂಡ ಕಳಿಸಲಿಲ್ಲ. ನಾನು ಹೋಗಿ ದೂರದ ಜಾಲಿಗಿಡದ ಹತ್ತಿರ ನಿಂತಿದ್ದೆ. ಅವಳು ನೋಡಿದಳು, ಕರೆಯಲಿಲ್ಲ.

ಮ್ಯೂಸಿಯಮ್ಮಿನಿಂದ ಕಾಗದ ಬಂದಿಲ್ಲ. ಎರಡು ಸಲ ಬರೆದೆ. ಮಗ ನನ್ನ ಒಲೆ ಬೇರೆ ಮಾಡಿದ್ದಾನೆ.

ಶೆಟ್ಟೆವ್ವ ದಿನಾ ಹೊತ್ತು ಇಳಿಯುವಾಗ ಬರುತ್ತಾಳೆ. ಒಳಗೆ ಬರುವುದಿಲ್ಲ, ನೀರು ಕೊಟ್ಟರೆ ಮುಟ್ಟುವುದಿಲ್ಲ. ಹೊಸ್ತಿಲ ಹೊರಗೆ ನಿಂತು, "ಹೇಳು," ಎನ್ನುತ್ತಾಳೆ.

"ಸಂಜಿಮುಂದ ಬರ್ತೇನಿ, ಅವ್ವಗ ಹೇಳ್ರಿ ಅಂದ್ಲು," ಎನ್ನುತ್ತೇನೆ. "ಹಾಲಿಗೆ ಹೆಪ್ಪ ಹಾಕಿಲ್ಲ, ಹಾಕಂತ ಹೇಳ್ರಿ ಅಂದ್ಲು."

ಒಂದು ಮಾತು ಹಿಂದೆಮುಂದಾದರೂ ತಿದ್ದುತ್ತಾಳೆ. ಪೂರ್ತಿ ಕೇಳಿ ತಿರುಗಿ ಹೋಗುತ್ತಾಳೆ.